ದಿನ್ನಿಯಿಂದ ಇಳಿಸಿದ ಕುರಿಗಳು

ಸೊಲ್ಲಾಪುರ ರಸ್ತೆ, ವಿಜಾಪುರ
ತಾ. ೧೪-೯-೧೯೭೮

ಪ್ರೀತಿಯ ತಮ್ಮ ಅಮೋಘಿಗೆ ಅಕ್ಕ ಸಕ್ರವ್ವನ ಆಶೀರ್ವಾದ.

ಮೈಯಲ್ಲಿ ಹುಷಾರಿದ್ದೀಯಾ? ಮಿಲ್ಲಿನ ಹತ್ತಿಯ ಧೂಳಿಗೆ ನಿನಗೆ ಕೆಮ್ಮು ಹತ್ತಿದೆ ಎಂದು ಸೊಲ್ಲಾಪುರದಿಂದ ಬಂದವರು ಹೇಳಿದರು. ಬೀಡಿ ಬಿಡು, ದಿನಾ ಒಂದು ಚೂರು ಬೆಲ್ಲ ತಿನ್ನು. ಏಳು ವರ್ಷ ಒಂದು ಸಾಲು ಬರೆಯದವಳು ಈಗ ಬುದ್ಧಿ ಹೇಳಲು ಬಂದಳು ಎಂದು ನಗುತ್ತೀಯೇನೋ, ನಗು. ನಿನ್ನ ಭಾವ ಇಲ್ಲೇ ಗ್ಯಾರೇಜಿನಲ್ಲಿ ದುಡಿಯುತ್ತಾರೆ. ನಾನು ಪಕ್ಕದ ಮನೆಯ ಹಾಜಿರಾಬಿಯ ಜೊತೆ ಹಳೆಯ ಪೇಪರು ಕತ್ತರಿಸಿ ಕಿರಾಣಿ ಅಂಗಡಿಗೆ ಚೀಲ ಅಂಟಿಸುತ್ತೇನೆ. ನಾಲ್ಕನೇ ಇಯತ್ತೆ ಕಲಿತದ್ದು ಸಾರ್ಥಕವಾಯಿತು ನೋಡು, ದೇಶದ ಸುದ್ದಿಯನ್ನೆಲ್ಲ ಓದಿ ಅದರೊಳಗೆ ಕಡಲೆಬೇಳೆ ತುಂಬಿಸುವ ಕೆಲಸ.

ಹೋದ ವಾರದ ಸೋಮವಾರ ಎಪ್ಪತ್ತೊಂದನೇ ಇಸವಿಯ ಒಂದು ಕಟ್ಟು ಬಿಚ್ಚಿದೆ. ಕತ್ತರಿ ಆಡಿಸುವಾಗ ಒಂದು ಶಬ್ದ ಕಣ್ಣಿಗೆ ಬಿದ್ದು ಕೈ ನಿಂತಿತು. ದಿನ್ನಿ. ಪೇಪರಿನವರು ಹಾಗೆ ಬರೆಯುವುದಿಲ್ಲ. ಯಾವ ಊರಿಗೆ ನೀರು ನುಗ್ಗಿದರೂ ಜನ ‘ಎತ್ತರದ ಪ್ರದೇಶ’ಕ್ಕೇ ಹೋಗುತ್ತಾರೆ. ದಿನ್ನಿ ಎನ್ನುವುದು ನಾವು ಕುರಿ ಕಾಯುವವರು ಆಡುವ ಮಾತು. ದಪ್ಪ ಅಕ್ಷರದಲ್ಲಿ ಅದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ದಿನ್ನಿಯ ಬಣವೆಗೆ ಬೆಂಕಿ, ದಿನ್ನಿಯ ಕಲ್ಲಿನ ಲಿಲಾವು, ಇಂಥವಿದ್ದರೆ ಇದ್ದೀತು. ಇದೂ ಮೂಲೆಯಲ್ಲೇ ಇತ್ತು, ಐದು ಸಾಲು. ತಿಕೋಟಾದ ಹತ್ತಿರ ಹಳ್ಳ ಬಂದು ಒಬ್ಬ ಕುರಿಗಾರ, ಎಂಬತ್ತು ಕುರಿ ನೀರುಪಾಲು. ಆ ಕುರಿಗಾರ ನಮ್ಮ ಅಪ್ಪ. ಕೊನೆಯ ಸಾಲನ್ನು ಇದ್ದ ಹಾಗೇ ಬರೆಯುತ್ತೇನೆ: “ದಿನ್ನಿಯ ಮೇಲಿದ್ದ ಕುರಿಗಳನ್ನು ಹೊಲದ ಮಾಲೀಕರ ಒತ್ತಾಯಕ್ಕೆ ಹಿಂದಿನ ಸಂಜೆಯಷ್ಟೇ ಕೆಳಗಿಳಿಸಲಾಗಿತ್ತೆಂದು ಪಕ್ಕದ ಹಟ್ಟಿಯವರು ತಿಳಿಸಿದರು.”

ಪರಊರಿಂದ ಕುರಿ ಮೇಯಿಸಲು ಬಂದಿದ್ದ ಆ ಹಟ್ಟಿಯವರು ಮರುದಿನವೇ ಮುಂದೆ ನಡೆದರು. ಅವರನ್ನು ಕೇಳಿದವನು ಆ ಪೇಪರಿನವನೊಬ್ಬನೇ, ಊರವರು ಯಾರೂ ಕೇಳಲಿಲ್ಲ, ನೀನೇ ಬುದ್ಧಿಗೆಟ್ಟು ಹಳ್ಳದ ದಂಡೆಗೆ ಕುರಿ ಬಿಟ್ಟೆ ಎಂದರು. ಹೊಲದ ಮಾಲೀಕರು ಅಂದರೆ ನನ್ನ ಮಾವ ಧೂಳಪ್ಪ. ಬಿತ್ತುವ ಮುಂಚೆ ಹಳ್ಳದ ದಂಡೆಯ ಹೊಲದಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಮಾಡಿಸಿಕೊಳ್ಳುವ ಸರದಿ ಅವತ್ತು ಅವರದು. ಸರದಿ ತಪ್ಪಬಾರದು, ಬೀಗರ ಮಾತು ಮೀರಬಾರದು. ಅಪ್ಪ ಹೋದ, ಮಾವ ಉಳಿದರು. ಈಗಲೂ ಕಟ್ಟೆಯ ಮೇಲೆ ಕುಳಿತು “ಅಮೋಘಿಗೆ ಮುಗಿಲ ನೋಡೂ ಬುದ್ಧಿ ಇದ್ದಿದ್ರ ನಮ್ಮ ಬೀಗ ಉಳೀತಿದ್ದ” ಎನ್ನುತ್ತಾರೆ. ಅವರಿಗೆ ರೊಟ್ಟಿ ಬಡಿದು ಹಾಕಿದ ಕೈ ಇದು. ಅಪ್ಪನ ಹೆಣದ ಮುಂದೆ “ಅಪ್ಪನ್ನ ನುಂಗಿದಿ ಲೇ, ಹೊಸ್ತಿಲಾ ತುಳೀಬ್ಯಾಡ” ಎಂದು ನಿನ್ನ ಎದೆಗೆ ಗುದ್ದಿದ ಕೈಯೂ ಇದೇ. ನಿನ್ನ ಮೇಲೂ ನನಗೆ ಸಿಟ್ಟಿದೆ ಅಮೋಘಿ. ಒಂದು ಮಾತು ಆಡದೆ ತಲೆ ತಗ್ಗಿಸಿ ಹೋದೆಯಲ್ಲ, ಯಾರು ಕೇಳಿದ್ದರು ನಿನ್ನ ದೊಡ್ಡತನ?

ಶುಕ್ರವಾರ ನಮ್ಮೂರು ಜೈನಾಪುರಕ್ಕೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. “ದಿನ್ನಿ ಅಂತ ಎಲ್ಲಿ ಬರದಾರ, ತೋರಸ” ಎಂದು ಆ ಶಬ್ದದ ಮೇಲೆ ಬೆರಳಿಟ್ಟಳು. “ಹಂಗಾರ ನನ್ನ ಮಗ ಮ್ಯಾಲ ಇದ್ದ” ಎಂದಳು. ಏಳು ವರ್ಷಕ್ಕೆ ನಿನ್ನನ್ನು ಮಗ ಎಂದಳು ನೋಡೋ. ಆಮೇಲೆ ನನ್ನ ಮುಖ ನೋಡಿ, “ಮತ್ತ ಅಂವ ಯಾಕ ಬಾಯಿ ಬಿಡಲಿಲ್ಲ ಬೇ?” ಎಂದು ಕೇಳಿದಳು. ನಾನು ಪೇಪರು ಮಡಚಿಟ್ಟುಕೊಂಡು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅವ್ವ ನಿನ್ನನ್ನು ಬರಹೇಳಿದ್ದಾಳೆ. ನಿನ್ನ ಭಾವ ನಮಸ್ಕಾರ ತಿಳಿಸಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸಕ್ರವ್ವ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಪೇಪರಿನವನಿಗೆ ಅರ್ಧವೇ ಗೊತ್ತು. ಮಾವ ಮನೆಯಲ್ಲೇ ಕುಳಿತು ಒದರಾಡಿದರು. ಆ ಸಂಜೆ ರೊಟ್ಟಿಗಂಟು ಹೊತ್ತು ದಿನ್ನಿ ಹತ್ತಿ ಬಂದವಳು ನಾನು. “ಬ್ಯಾಡಕ್ಕಾ, ಹಳ್ಳ ಬರತೈತಿ” ಎಂದು ನೀನು ಮುಗಿಲು ತೋರಿಸಿದೆ. “ಕುರಿ ಇಳಸಲಿಲ್ಲಂದ್ರ ನಾ ಆ ಮನ್ಯಾಗ ಹೆಂಗ ಬಾಳೇ ಮಾಡ್ಲಿ” ಎಂದು ನಿನ್ನ ಕಾಲು ಹಿಡಿದು ಅತ್ತವಳೂ ನಾನೇ. ನೀನು ಕುರಿ ಇಳಿಸಿದೆ. ಇದನ್ನು ಅವ್ವನಿಗೆ ಹೇಳಲು ಈಗ ಹೊರಟಿದ್ದೇನೆ. ಅವಳು ನನ್ನ ಮುಖಕ್ಕೆ ಬಾಗಿಲು ಹಾಕಿದರೆ ಹಾಕಲಿ, ನೀನು ಬಾ.