ಅಜ್ಜಿಯ ಪಾರ್ಟಿಗೆ ಮೆಣಸಿನಕಾಯಿ

ಮೋನಿಷಾ,

ಅಜ್ಜಿಯ ನಾಳೆಯ ಆಪರೇಷನ್‌ಗೆ ರಕ್ತ ಕೊಡಲು ಆಸ್ಪತ್ರೆಗೆ ಹೊರಟೆ. ಐದಕ್ಕೆಲ್ಲ ಜಕ್ಕೂರಿನ ನೆಂಟರು ಬಂದುಬಿಡುತ್ತಾರೆ.

ಬಜ್ಜಿ ಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಫ್ರಿಜ್‌ನಲ್ಲಿರುವ ಪನೀರ್ ಪಲ್ಯ ತುಂಬು. ಓವನ್‌ನಲ್ಲಿ ಇಪ್ಪತ್ತು ನಿಮಿಷ ಸಾಕು. ಹೋದ ಸಲದ ಹಾಗೆ ಇದ್ದಿಲು ಮಾಡಬೇಡ ತಾಯಿ. ಕೈ ತೊಳೆಯದೆ ಕಣ್ಣು ಮುಟ್ಟಿಕೊಳ್ಳಬೇಡ.

ಅಜ್ಜಿಗೆ ಖಾರ ಕೊಡಬಾರದಂತೆ. ನಾಳೆ ನಾಲಿಗೆಯನ್ನೇ ತೆಗೆಯುವ ಡಾಕ್ಟರು ಇವತ್ತು ಪಥ್ಯ ಹೇಳುತ್ತಾರೆ! ಅವಳು ಕೇಳಿದಷ್ಟು ಕೊಡು.

ಈ ಪಾರ್ಟಿಯೇ ಅವಳ ಹುಕುಂ: "ಎಲ್ಲಾರ್ನೂ ಕರಿಯೋ ಭೀಮಾ, ನಾಲ್ಗೆ ಇರೋವಾಗ್ಲೇ ಒಂದ್ಸಲ ಬೈದ್ಬುಡ್ತೀನಿ."

ನಾನು ಬರುವಷ್ಟರಲ್ಲಿ ಅವಳು ನಿನ್ನಿಂದಲೇ ಶುರುಮಾಡಬಹುದು. ಎದುರಾಡಬೇಡ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೋ.

ಅಪ್ಪ