ಮೂರನೇ ಮಹಡಿಗೆ ಹೋದ ಘಮ

ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಕೆ ಎಂದು ನಿನ್ನ ಅಕ್ಕ ಹೇಳಿದಳು. ಸ್ಕೇಲು, ಹೆಣಿಗೆ ಕಡ್ಡಿ, ಏನನ್ನೂ ಒಳಗೆ ತೂರಿಸಬೇಡ. ಅಕ್ಕ ಬಡಿಸಿದ್ದನ್ನು ಹೊಟ್ಟೆ ತುಂಬ ತಿನ್ನು. ಭಾವನ ಅಡುಗೆಯಾದರೆ ಮೊದಲು ಹೊಗಳಿ ಆಮೇಲೆ ತಿನ್ನು, ಅನಂತರ ಹೊಗಳುವುದು ಕಷ್ಟ. ನಾವಿಲ್ಲಿ ಕ್ಷೇಮ. ಅಂದರೆ ನಿನ್ನ ಚಿಕ್ಕಮ್ಮ ಕ್ಷೇಮ. ನನಗೆ ತಲೆ ಚಿಟ್ಟು ಹಿಡಿದಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು “ಚಿಕ್ಕಪ್ಪಾ, ವಿಷಯಕ್ಕೆ ಬಾ” ಅನ್ನುತ್ತೀಯ. ಕಾಗದ ಹಾಗನ್ನುವುದಿಲ್ಲ.

“ಎಷ್ಟು ದಿನ ಅಂತ ಬಾರ್ಬೆಕ್ಯೂ ಗಾಡಿ ಎಳ್ಕೊಂಡು ಕಂಡವರ ಪಾರ್ಟಿಗೆಲ್ಲ ಅಲೀತೀಯಾ, ಒಂದು ಕಡೆ ಕೂತು ಪಾರ್ಸೆಲ್ ಕೊಡೋಣ” ಅಂದವಳು ನೀನು. ಕೂತೆ. ಕಲ್ಲಿನ ಹಾಗೆ ಕೂತೆ. ಅಂಗಡಿ ಇದ್ದ ಮೇಲೆ ಗಾಡಿ ಯಾಕೆಂದು ಅದನ್ನು ಐಸ್‌ಕ್ರೀಮಿನವನಿಗೆ ಕೊಡುತ್ತೇನೆಂದು ಮಾತೂ ಕೊಟ್ಟೆ. ಅದನ್ನು ಎಳೆಯುವ ಕಬ್ಬಿಣದ ಕೊಕ್ಕೆ ಬಿದ್ದು ನಿನ್ನ ಕಾಲು ಮುರಿದ ಸಿಟ್ಟೂ ಇರಬಹುದು, ಇರಲಿ. ನೀನು ಅಕ್ಕನ ಮನೆಗೆ ಹೋದ ಮೇಲೆ ವೆಲ್ಡಿಂಗಿನವನು ಬಂದು ಒಲೆಯಿಂದ ಮೂರನೇ ಮಹಡಿಯವರೆಗೆ ಗೋಡೆಗುಂಟ ಚಿಮಣಿ ನಿಲ್ಲಿಸಿದ. “ಕೆಳಗೆ ಒಂದು ಎಳೆ ಹೊಗೆ ಕಂಡ್ರೆ ಮೀಸೆ ಬೋಳಿಸ್ತೀನಿ ಯಜಮಾನ್ರೇ” ಅಂದ. ಅವನ ಮೀಸೆ ಇನ್ನೂ ಹಾಗೇ ಇದೆ. ಅದೇ ನಮ್ಮ ಗ್ರಹಚಾರ.

ಗಾಡಿಯ ಕಾಲ ನೆನಪಿದೆಯಲ್ಲ? ನಾನು ಮುಚ್ಚಳ ಎತ್ತಿದ ಗಳಿಗೆಗೆ, ಭಾಷಣ ಮಾಡುತ್ತಿದ್ದ ಸಾಹೇಬರು ಮೈಕು ಬಿಟ್ಟು ತಟ್ಟೆ ಹಿಡಿದು ಬಂದಿದ್ದರು. ಈಗ ಅದೇ ಕೈ, ಅದೇ ಕೆಂಡ, ಅದೇ ಕೋಳಿ, ಬೀದಿಯಲ್ಲಿ ಒಂದು ಮೂಗೂ ಇತ್ತ ತಿರುಗಲಿಲ್ಲ. ಚಿಕ್ಕಮ್ಮ ಕಿಟಕಿಯಲ್ಲಿ ಕೂತು ಖಾಲಿ ಪಾರ್ಸೆಲ್ ಡಬ್ಬಿಗಳನ್ನು ಒರೆಸಿದ್ದೇ ಒರೆಸಿದ್ದು. ಒಬ್ಬ ಬಂದ. ಅವಳು ಎದ್ದು ನಿಂತಳು. “ಇಲ್ಲಿ ಜೆರಾಕ್ಸ್ ಮಾಡ್ತೀರಾ?” ಎಂದು ಕೇಳಿ ಹೋದ.

ಘಮವೆಲ್ಲ ಎಲ್ಲಿ ಹೋಯಿತು ಅನ್ನುತ್ತೀಯಾ? ಮೂರನೇ ಮಹಡಿಯ ಟೈಲರಮ್ಮನ ಕಿಟಕಿಗೆ. ಒಂದು ಕರಿ ಕೋಟು ಹಿಡಿದುಕೊಂಡು ಇಳಿದು ಬಂದರು. “ಸುಡೋದು ನೀವು, ವಾಸನೆ ನನ್ನ ಬಟ್ಟೆಗಾ? ಇಂಥದ್ದೇ ಕೋಟು ನಿನ್ನೆ ಒಯ್ದ ವಕೀಲರ ಹಿಂದೆ ಬೀದಿ ನಾಯಿ ಕೋರ್ಟಿನ ತನಕ ಬಂತಂತೆ” ಅಂದರು. ಪುಕ್ಕಟೆ ಸೆಂಟು ಹಾಕಿದೀನಿ ಅಂದುಕೊಳ್ಳಿ ತಾಯಿ ಅಂದೆ. ಕತ್ತೆಗೇನು ಗೊತ್ತು ಕಸ್ತೂರಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ, ಆ ಪುಣ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ನೆಟ್ಟಗೆ ಕಟ್ಟಡದ ಮಾಲೀಕರ ಹತ್ತಿರ ಹೋದರು. ಮಾಲೀಕರು ನನ್ನ ಹತ್ತಿರ ಬಂದರು. “ಇನ್ನೊಂದು ಸಲ ಒಳಗೆ ಬೆಂಕಿ ಹಚ್ಚಿದ್ರೆ ಕೀಲಿಕೈ ವಾಪಸ್ ಕೊಟ್ಟುಬಿಡಿ.” ಬೆಂಕಿಯಿಲ್ಲದೆ ನಮ್ಮ ಅಂಗಡಿ ಏನು ಮಾರುತ್ತದೆ, ಜೆರಾಕ್ಸಾ? ನೀನು ಬಣ್ಣ ಆರಿಸಿ ಬೋರ್ಡು ಬರೆಸಿದ ಅಂಗಡಿ, ನೀನು ಕುಂಟುತ್ತಾ ಬರುವಷ್ಟರಲ್ಲಿ ಬೇರೆಯವರದಾಗುತ್ತಿತ್ತು.

ಆಗಲೇ ನೋಡು ನಿನ್ನ ಚಿಕ್ಕಪ್ಪನ ತಲೆ ಓಡಿದ್ದು. ನಮ್ಮೂರ ಮೇಷ್ಟ್ರು ನನಗೆ ದಿಕ್ಕು ಗೊತ್ತಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವರು ನಿನ್ನೆ ನೋಡಬೇಕಿತ್ತು. ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದೆ. ಬಸ್ ಸ್ಟಾಪಿನ ಕಡೆಗೆ ಬೀಸುತ್ತಿತ್ತು. ಬೀದಿಯ ಮೂಲೆಯಲ್ಲಿ ಮರದ ಡಿಪೋದವನ ಖಾಲಿ ಜಾಗವಿದೆಯಲ್ಲ, ಅವನನ್ನು ದಿನಕ್ಕೊಂದು ಕೋಳಿ ಕಾಲಿಗೆ ಒಪ್ಪಿಸಿ ಗಾಡಿ ನಿಲ್ಲಿಸಿದೆ. ಕೆಂಡ ಹಿಡಿಸಿ ಮುಚ್ಚಳ ಎತ್ತಿದೆ. ಬಸ್ಸು ಇಳಿದವರು ಮನೆಯ ದಾರಿ ಬಿಟ್ಟು ನನ್ನ ದಾರಿ ಹಿಡಿದರು. “ಪಾರ್ಸೆಲ್ ಅಲ್ಲಿ, ಆ ಹಸಿರು ಕಿಟಕಿ” ಎಂದು ಅಂಗಡಿಗೆ ಅಟ್ಟಿದೆ. ಆ ವಕೀಲರೂ ಬಂದಿದ್ದರು, ಕೋಟಿನ ವಾಸನೆ ಎಲ್ಲಿಯದೆಂದು ಹುಡುಕಿಕೊಂಡು. ಸಂಜೆಗೆ ಒಂದು ಡಬ್ಬಿಯೂ ಉಳಿಯಲಿಲ್ಲ. ಮದುವೆಯಾದಂದಿನಿಂದ ನನ್ನನ್ನು ಹೊಗಳದ ನಿನ್ನ ಚಿಕ್ಕಮ್ಮ “ಪರವಾಗಿಲ್ಲ” ಅಂದಳು. ಇನ್ನು ಬೆಂಕಿ ಗಾಡಿಯಲ್ಲಿ, ವ್ಯಾಪಾರ ಕಿಟಕಿಯಲ್ಲಿ. ಮಾಲೀಕರೂ ಆಗಲಿ ಎಂದು ತಲೆಯಾಡಿಸಿದ್ದಾರೆ.

ಬೇಗ ವಾಸಿಯಾಗಿ ಬಾ, ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ. ಅಕ್ಕ, ಭಾವನಿಗೆ ನನ್ನ ನೆನಪುಗಳನ್ನು ಹೇಳು.

ಇತಿ, ಬೀದಿಗೆಲ್ಲ ಹಸಿವು ಹಚ್ಚಿದ
ನಿನ್ನ ಚಿಕ್ಕಪ್ಪ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಮರೆತೆ. ಭಾನುವಾರ ಗಾಡಿ ಎಳೆದೊಯ್ಯಲು ಐಸ್‌ಕ್ರೀಮಿನವನು ಬರುತ್ತಾನಂತೆ. ಅದರ ಚಕ್ರದ ಅಚ್ಚು ಮುರಿದಿದೆ ಎಂದು ಹೇಳಿ ಕಳಿಸಿದ್ದೇನೆ. ಅವನು ನನ್ನ ಮಾತು ನಂಬುವವನಲ್ಲ, ನಿನಗೆ ಫೋನ್ ಮಾಡುತ್ತಾನೆ. ಹೌದು ಅನ್ನು. ನಿನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಗೊತ್ತು, ಥೇಟ್ ನಿನ್ನಪ್ಪ. ಅದಕ್ಕೇ ಇವತ್ತು ಬೆಳಿಗ್ಗೆ ಆ ವೆಲ್ಡಿಂಗಿನ ಮೀಸೆಯವನನ್ನೇ ಕರೆಸಿ, ಗಾಡಿ ನಿಂತಲ್ಲೇ ಅಚ್ಚನ್ನು ನಡುವೆ ಕತ್ತರಿಸಿ ಹಾಕಿಸಿದ್ದೇನೆ. ಧೈರ್ಯವಾಗಿ ಹೇಳು. ಇನ್ನು ಗಾಡಿ ಎಲ್ಲಿಗೂ ಹೋಗುವುದಿಲ್ಲ. ನಾನೂ ಅಷ್ಟೇ.