ಅಪ್ಪನ ಬೆನ್ನ ಹಿಂದೆ ನಡೆದ ಕಿವಿ ಪರೀಕ್ಷೆ

ಅಮ್ಮಾ,

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಕೇಳಿಸದವನಿಗೆ ಜಗಳವಿಲ್ಲ. ಬೆಳಿಗ್ಗೆ ನೀನು ವಾಕಿಂಗ್ ಹೋದಾಗ ನಡೆದ ಸತ್ಯಕಥೆ ಇದು.

ಪೇಪರ್ ಓದುತ್ತಿದ್ದ ಅಪ್ಪನ ಹಿಂದೆ ನಿಂತು, ಪುಟ್ಟಿಯ ಕೀಚಲು ದನಿಯಲ್ಲಿ “ತಾತಾ, ಕಥೆ ಹೇಳು” ಎಂದು ಮೂರು ಸಲ ಕರೆದೆ. ಹಾಳೆ ತಿರುವಿದರು, ಅಷ್ಟೇ. ದೊಡ್ಡಪ್ಪನ ಗಡಸು ದನಿಯಲ್ಲಿ “ಏನೋ ತಮ್ಮಾ?” ಎಂದೆ. ಎದ್ದೇ ನಿಂತರು!

ತಾತ ಟೂ ಬಿಟ್ಟಿದ್ದಾರೆಂದು ಮೊಮ್ಮಗಳು ಅಳುವುದು ಇದಕ್ಕೇ. ಕೀಚಲು ದನಿಯನ್ನು ಅವರ ಒಳಕಿವಿ ಹಿಡಿಯುತ್ತಿಲ್ಲ. ಗುಗ್ಗೆ ತೆಗೆದರೆ ಸರಿಹೋಗುವಂಥದ್ದಲ್ಲ.

ನಾಲ್ಕಕ್ಕೆ ಪರೀಕ್ಷೆಗೆ ಕರೆದುಕೊಂಡು ಹೋಗು. ಹೋದ ಸಲ, ಶಬ್ದ ಬಿಡುವ ಪರೀಕ್ಷಕಿಯ ಕೈ ನೋಡಿಕೊಂಡು, ಕೇಳಿಸಿದವರಂತೆ ಗುಂಡಿ ಒತ್ತಿ ಪಾಸಾಗಿದ್ದರು. ಈ ಸಲ ಗೋಡೆಗೆ ಮುಖ ಮಾಡಿ ಕೂರಿಸು.

ಪುಟ್ಟಿ ಅಳುವ ವಿಷಯ ಹೇಳಿದಾಗ ಅಪ್ಪ ಪೇಪರ್ ಮಡಿಸಿಟ್ಟು, “ಬರ್ತೀನಿ” ಎಂದರು. ಆಮೇಲೆ, “ಅರವತ್ತೈದಾದ್ರೂ ಅಣ್ಣನ ದನಿಗೆ ಸಿಗರೇಟು ಬಚ್ಚಿಟ್ನಲ್ಲೋ, ಕಪಿ!” ಎಂದು ನನಗಿಂತ ಜೋರಾಗಿ ನಕ್ಕರು.